ಎಡಗೆನ್ನೆಗೊಂದು ಆಸರೆ

ನಮ್ಮೂರಿನಲ್ಲಿ ಈಗ ಆ ಕಥೆ ಹೀಗೆ ನಡೆಯುತ್ತಿದೆ: ಆಯುಧಪೂಜೆಯ ದಿನ ಬಂದೂಕಿಗೆ ಕುಂಕುಮ ಇಟ್ಟರು, ತಾಯಿ ಚಾಮುಂಡಿ ಕಣ್ಣು ಬಿಟ್ಟಳು, ಎಡಚಿ ಹುಡುಗಿಗೆ ಗುರಿ ಕೂಡಿಬಂತು. ಬೆಳಗ್ಗೆ ಡೈರಿಯ ಮುಂದೆ ಹಾಲಿನ ಕ್ಯಾನು ಹಿಡಿದು ನಿಂತವರು ಇದನ್ನು ಹೇಳುತ್ತಾರೆ. ಕಿಕ್ಕೇರಿಯ ಬಸ್ಸಿನಲ್ಲಿ ಪಕ್ಕ ಕೂತ ಹೆಂಗಸೊಬ್ಬರು, ನಾನು ಯಾರೆಂದು ತಿಳಿಯದೆ, ನನಗೇ ಇದನ್ನು ಹೇಳಿದರು. ತಾಯಿ ಕಣ್ಣು ಬಿಟ್ಟದ್ದೇ ಆದರೆ ಬಂದೂಕಿಗೆ ಸ್ಕ್ರೂ ಯಾಕೆ ಬೇಕಾಯಿತು ಎಂದು ಕೇಳಿದೆ. ಅವರು ನನ್ನನ್ನು ಒಮ್ಮೆ ಮೇಲಿನಿಂದ ಕೆಳಗೆ ನೋಡಿ ಕಿಟಕಿಯ ಕಡೆ ತಿರುಗಿಕೊಂಡರು.

ಚರ್ಚಾಸ್ಪರ್ಧೆಗೆ ನನ್ನನ್ನು ತಯಾರು ಮಾಡಿದ ಮೇಡಂ ಒಂದು ಮಾತು ಹೇಳುತ್ತಿದ್ದರು: ಎದುರಾಳಿಯ ಮಾತಿನಲ್ಲಿ ನಿಜ ಎಷ್ಟಿದೆಯೋ ಅಷ್ಟನ್ನು ಮೊದಲೇ ಒಪ್ಪಿಕೊಂಡುಬಿಡು, ಉಳಿದದ್ದನ್ನು ಆಮೇಲೆ ಬಿಡಿಸು. ಹಾಗಾಗಿ ಒಪ್ಪುತ್ತೇನೆ. ಪೂಜೆ ನಡೆದದ್ದು ನಿಜ. ಆ ಪೂಜೆ ಇಲ್ಲದಿದ್ದರೆ ಬಂದೂಕು ಈಗಿರುವಂತೆ ಆಗುತ್ತಿರಲಿಲ್ಲ ಎಂಬುದೂ ನಿಜ. ಆದರೆ ಆ ಕೆಲಸ ಮಾಡಿದ್ದು ಹರಳೆಣ್ಣೆ. ಉಳಿದದ್ದನ್ನು ಮಾಡಿದ್ದು ನಾನು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ದೇವರಿಗೆ ಸಲ್ಲುವ ಹೊಗಳಿಕೆ ಸಾಕಷ್ಟಿದೆ, ನನ್ನ ಪಾಲಿನದನ್ನು ನನಗೆ ಬಿಡಲಿ.

ಬಂದೂಕು ಎಂದರೆ ಗಾಬರಿ ಬೇಡ. ಗಾಳಿಯ ಒತ್ತಡದಿಂದ ಸೀಸದ ಸಣ್ಣ ಗುಳಿಗೆ ಹಾರಿಸುವ ಏರ್ ರೈಫಲ್, ಹತ್ತು ಮೀಟರ್ ದೂರದ ಕಾಗದದ ಗುರಿಗೆ ಹೊಡೆಯುವ ಆಟದ್ದು. ನನ್ನ ತಂಗಿ ಪಿಯುಸಿ ಓದುತ್ತಾ ಶ್ರೀರಂಗಪಟ್ಟಣದಲ್ಲಿ ಈ ಆಟ ಕಲಿಯುತ್ತಿದ್ದಳು. ಅಲ್ಲೊಂದು ಕಲ್ಯಾಣಮಂಟಪದ ಹಿಂದಿನ ಉದ್ದ ಶೆಡ್ಡಿನಲ್ಲಿ, ಒಂದು ತುದಿಗೆ ಅಡುಗೆಯವರ ಕೊಳದಪ್ಪಲೆಗಳು, ಇನ್ನೊಂದು ತುದಿಗೆ ಗುರಿಹಲಗೆಗಳು. ಮದುವೆ ಇದ್ದ ದಿನ ಅಭ್ಯಾಸ ಇಲ್ಲ. ಅಪ್ಪ ಅವಳಿಗಾಗಿ ಯಾರಿಂದಲೋ ಒಂದು ಹಳೆಯ ರೈಫಲ್ ಕೊಂಡು ತಂದಿದ್ದರು. ಊರಿನವರಿಗೆ ಅದು 'ಕೋವಿ'. ತಂದ ವಾರವೇ ಪಕ್ಕದ ಮನೆಯವರು ಬಂದು, ತೆಂಗಿನಮರದ ಕೋತಿಗಳಿಗೆ ಏನಾದರೂ ಮಾಡಕಾಯ್ತದಾ ಎಂದು ವಿಚಾರಿಸಿ ಹೋದರು.

ಆ ರೈಫಲ್ಲಿಗೆ ಒಂದೇ ದೋಷ. ಅದನ್ನು ಮಾಡಿದವರ ತಲೆಯಲ್ಲಿ ಜಗತ್ತಿನವರೆಲ್ಲ ಬಲಗೈಯವರು. ಭುಜಕ್ಕೆ ಆನಿಸಿ ಕೆನ್ನೆ ಊರುವ ಹಿಂಬದಿಯ ಭಾಗಕ್ಕೆ ಸ್ಟಾಕು ಅನ್ನುತ್ತಾರೆ. ಹಿಂದೆ ಅದು ಮರದ್ದಿರುತ್ತಿತ್ತು, ಇದರದ್ದು ನಾರು ಬೆರೆಸಿದ ಕಪ್ಪು ಪ್ಲಾಸ್ಟಿಕ್ಕು, ಒಳಗೆ ಟೊಳ್ಳು. ಕೆನ್ನೆ ಊರಲು ಅದರ ಎಡಮೈಯಲ್ಲಿ ಮಾತ್ರ ಒಂದು ಉಬ್ಬು. ಬಲಗೈಯವರ ಬಲಗೆನ್ನೆ ಅಲ್ಲಿ ಹಾಯಾಗಿ ಕೂರುತ್ತದೆ. ಎಡಗೈಯವರ ಎಡಗೆನ್ನೆಗೆ ಸಿಗುವುದು ಆಚೆ ಮೈಯ ಬೋಳು ಗೋಡೆ. ತಂಗಿ ಕೆನ್ನೆಗೆ ಆಸರೆ ಇಲ್ಲದೆ ಕತ್ತನ್ನು ಗಾಳಿಯಲ್ಲಿ ಹಿಡಿದು ಗುರಿ ನೋಡುತ್ತಿದ್ದಳು. ಮೊದಲ ಹತ್ತು ಗುಳಿಗೆ ಮಧ್ಯದ ಕಪ್ಪಿಗೇ ಬೀಳುತ್ತಿದ್ದವು. ಆಮೇಲೆ ಕತ್ತು ಸೋಲುತ್ತಿತ್ತು, ಗುಳಿಗೆಗಳು ಊರೂರು ಅಲೆಯುತ್ತಿದ್ದವು.

ತರಬೇತುದಾರರು ಕೆಟ್ಟವರಲ್ಲ. ಅವರು ಹೇಳಿದ್ದು ಇಷ್ಟೇ: ದಸರಾ ಮುಗಿದ ಭಾನುವಾರ ಜಿಲ್ಲಾ ತಂಡದ ಆಯ್ಕೆ. ಅಷ್ಟರೊಳಗೆ ಒಂದೋ ಬಲಗೈಗೆ ಬದಲಾಗು, ಇಲ್ಲವೇ ನಿನಗೆ ಒಗ್ಗುವ ಸ್ಟಾಕು ತಾ. ಎರಡೂ ಆಗದಿದ್ದರೆ ಈ ವರ್ಷ ಜಾಗವನ್ನು ಬೇರೆ ಹುಡುಗಿಗೆ ಬಿಡು. ಪಿಯುಸಿ ಕೊನೆಯ ವರ್ಷದವಳಿಗೆ 'ಈ ವರ್ಷ' ಎಂದರೆ ಏನರ್ಥ ಎಂದು ನಮಗೆಲ್ಲ ಗೊತ್ತಿತ್ತು. ಮುಂದಿನ ವರ್ಷ ಯಾವ ಕಾಲೇಜೋ, ಯಾವ ಊರೋ, ಆಟ ಅಲ್ಲಿಗೆ ಮುಗಿಯುತ್ತದೆ.

ಅವಳು ಬಲಗೈಗೆ ಬದಲಾಗಲು ನೋಡಿದಳು. ಬಲಗೈಯಲ್ಲಿ ಹಲ್ಲುಜ್ಜಿದಳು, ಬಲಗೈಯಲ್ಲಿ ಬರೆದಳು, ಊಟಕ್ಕೆ ಹೇಗೂ ಬಲಗೈಯೇ. ಎಡಗಣ್ಣಿಗೆ ಬಟ್ಟೆ ಕಟ್ಟಿಕೊಂಡು ಕೊಟ್ಟಿಗೆಯ ಗೋಡೆಗೆ ಗುರಿ ನೋಡಿದಳು. ಕಣ್ಣು ಒಪ್ಪಲಿಲ್ಲ. ಒಂದು ದಿನ ಬಂದೂಕನ್ನು ಚೀಲಕ್ಕೆ ಹಾಕಿ ಜಿಪ್ಪು ಎಳೆದು, ಸಾಕು ಅಕ್ಕ, ಅವರಿಗೆ ನಾನೇ ಹೇಳಿಬಿಡುತ್ತೇನೆ ಅಂದಳು.

ಮನೆಯಲ್ಲಿ ಚರ್ಚೆ ನಡೆಯಿತು. ನಾಗಮಂಗಲದಿಂದ ಅಜ್ಜಿ, ಅಂದರೆ ಅವ್ವನ ತಾಯಿ, ಹಬ್ಬಕ್ಕೆಂದು ಬಂದಿದ್ದರು. ಅವರು ಜಗಲಿಯ ಮೇಲೆ ಕಾಲು ಚಾಚಿ ಕಡಲೆಕಾಯಿ ಬಿಡಿಸುತ್ತಾ ತೀರ್ಪು ಕೊಟ್ಟರು: "ನಮ್ ಕಡೇಲಾಗ್ಲಿ ನಿಮ್ಮಪ್ಪನ ಕಡೇಲಾಗ್ಲಿ ಎಡಚ್ರೇ ಹುಟ್ನಿಲ್ಲ. ಇವ್ಳೊಬ್ಳು ಎಲ್ಲಿಂದ ಬಂದ್ಲೋ ಕಾಣೆ." ಈ ಮಾತನ್ನು ತಂಗಿ ಹುಟ್ಟಿದಾಗಿನಿಂದ ಕೇಳುತ್ತಿದ್ದೇನೆ. ಯಾರೂ ಎದುರಾಡಿದ್ದಿಲ್ಲ. ಅವ್ವ ಕೂಡ ಒಲೆಯ ಮುಂದಿನಿಂದ ತಲೆ ಎತ್ತಿದ್ದಿಲ್ಲ.

ಅಪ್ಪನದು ಸಮಾಧಾನದ ವಾದ. ರೂಢಿ ಮಾಡಿಕೊಂಡರೆ ಎಲ್ಲ ಆಗುತ್ತದೆ, ಎಡಚ ಡ್ರೈವರುಗಳು ಬಸ್ಸು ಓಡಿಸುತ್ತಿಲ್ಲವೇ ಎಂದರು. ನಾನು ಹಾಲು ಕರೆಯುವ ಪ್ರಶ್ನೆ ಎತ್ತಿದೆ. ನಮ್ಮ ಕೆಂದ ಹಸು ಬಲಮಗ್ಗುಲಲ್ಲಿ ಕೂತವರಿಗೆ ಮಾತ್ರ ಹಾಲು ಬಿಡುತ್ತದೆ.

"ನಾಳೆ ಎಡಮಗ್ಗುಲ್ಗೆ ಕೂತ್ಕಂಡು ರೂಢಿ ಮಾಡ್ಸಪ್ಪ ನೋಡನ," ಅಂದೆ.

"ಒದ್ಬುಡ್ತದೆ ಕಣವ್ವ."

"ನಿನ್ ಮಗ್ಳು ಒದೀಕಿಲ್ಲ, ಅಳ್ತಾಳೆ. ಅಷ್ಟೇ ವ್ಯತ್ಯಾಸ."

ಅಪ್ಪ ನಕ್ಕರು. ನಕ್ಕರೆ ಅಪ್ಪ ಸೋತ ಹಾಗೆ. ಸರಿ, ನೀನೇ ಏನಾದ್ರೂ ಮಾಡು ಅಂದರು. ವಾದ ಗೆದ್ದವರಿಗೆ ಸಿಗುವ ಶಿಕ್ಷೆ ಇದೇ: ಮಾಡಿ ತೋರಿಸಬೇಕು.

ನನಗೆ ಬಂದೂಕಿನ ಗಂಧವೂ ಇರಲಿಲ್ಲ. ಆದರೆ ಇದ್ದ ಪ್ರಶ್ನೆ ಬಂದೂಕಿನದಾಗಿರಲಿಲ್ಲ. ಗುಳಿಗೆ ಹಾರಿಸುವ ಯಂತ್ರ, ನಳಿಗೆ, ಬೆರಳಲ್ಲಿ ಎಳೆಯುವ ಕುದುರೆ, ಯಾವುದನ್ನೂ ಮುಟ್ಟುವ ಅಗತ್ಯವಿಲ್ಲ. ಬೇಕಾದದ್ದು ಪ್ಲಾಸ್ಟಿಕ್ಕಿನ ಬಲಮೈಮೇಲೆ ಒಂದು ಉಬ್ಬು. ಕೆ.ಆರ್. ಪೇಟೆಯಲ್ಲಿ ಕಾಲೇಜು ಮುಗಿಸಿ ಬಸ್‌ಸ್ಟ್ಯಾಂಡಿನಲ್ಲಿ ಕಾಯುವಾಗ ಮೊಬೈಲಿನಲ್ಲಿ ವಿಡಿಯೊಗಳನ್ನು ನೋಡಿದೆ. ಎಲ್ಲೆಲ್ಲಿಯವರೋ ಗ್ಯಾರೇಜಿನಲ್ಲಿ ನಿಂತು ಗಾಜಿನ ನಾರಿನ ಬಟ್ಟೆಯನ್ನು ರಾಳದಲ್ಲಿ ಅದ್ದಿ ಪದರಪದರವಾಗಿ ಹಚ್ಚುತ್ತಿದ್ದರು. ಅರೆ, ಇದು ಟ್ರಾಕ್ಟರ್ ಬಾನೆಟ್ಟಿಗೆ ಮಾಡುವ ಕೆಲಸವಲ್ಲವೇ ಅನ್ನಿಸಿತು. ಪಾಂಡವಪುರದಲ್ಲಿ ಅಂಥ ಅಂಗಡಿಯೊಂದಿತ್ತು. ಅಂಗಡಿಯವರು ಯಾವ ಟ್ರಾಕ್ಟರು ಎಂದು ಕೇಳಿದರು. ಬಂದೂಕು ಅಂದೆ. "ಬಂದೂಕ್ಗೂ ಬಾನೆಟ್ ಬಂದ್ಬುಡ್ತಾ?" ಎಂದು ಬಿದ್ದು ಬಿದ್ದು ನಕ್ಕರು. ನಗು ಮುಗಿದ ಮೇಲೆ ನಾರುಬಟ್ಟೆ, ರಾಳದ ಡಬ್ಬಿ, ಅದನ್ನು ಗಟ್ಟಿ ಮಾಡುವ ದ್ರವದ ಸೀಸೆ, ರಬ್ಬರ್ ಕೈಗವಸು ಎಲ್ಲ ಕಟ್ಟಿಕೊಟ್ಟು, ಚೆನ್ನಾಗಿ ಉಜ್ಜಿ ಒರಟು ಮಾಡಬೇಕೆಂದೂ, ಜಿಡ್ಡಿನ ಮೇಲೆ ಇದು ಹಿಡಿಯುವುದಿಲ್ಲವೆಂದೂ ಹೇಳಿ ಕಳಿಸಿದರು.

ಉಬ್ಬು ಎಷ್ಟಿರಬೇಕು? ವಿಡಿಯೊದವರು ಅದಕ್ಕೆ ವಿಶೇಷವಾದ ಜೇಡಿ ಬಳಸುತ್ತಿದ್ದರು. ನಮ್ಮಲ್ಲಿ ರಾತ್ರಿಯ ತಂಗಳು ಮುದ್ದೆ ಇತ್ತು. ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಸ್ಟಾಕಿನ ಬಲಮೈಮೇಲಿಟ್ಟು, ತಂಗಿಗೆ ಎಡಗೆನ್ನೆ ಊರಿ ಗುರಿ ನೋಡು ಅಂದೆ. ಅವಳ ಕಣ್ಣು ಗುರಿಕಿಂಡಿಗೆ ಸರಿಯಾಗಿ ಬರುವವರೆಗೆ ಮುದ್ದೆ ಒತ್ತಿಕೊಂಡಿತು, ಕೆನ್ನೆಯ ಅಚ್ಚು ಹಾಗೇ ನಿಂತಿತು. ರಾಗಿ ಗಟ್ಟಿ ಧಾನ್ಯ. ಅಜ್ಜಿ ಮಾತ್ರ ಅನ್ನಕ್ಕೆ ಮುಸುಡಿ ಒರೆಸುವ ಮಕ್ಕಳನ್ನು ಈ ವಯಸ್ಸಿನಲ್ಲಿ ನೋಡಬೇಕಾಯಿತಲ್ಲ ಎಂದು ಮರುಗಿದರು. ಆ ಮುದ್ದೆಯ ದಪ್ಪವನ್ನು ಅಳೆದುಕೊಂಡೆ. ಯಂತ್ರ, ನಳಿಗೆ ಬಿಚ್ಚಿ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಬರೀ ಸ್ಟಾಕನ್ನು ಹಿತ್ತಲಿಗೆ ತಂದು ಉಪ್ಪುಕಾಗದದಿಂದ ತೋಳು ನೋಯುವವರೆಗೆ ಉಜ್ಜಿದೆ, ತೊಳೆದೆ, ಒಣಗಲು ಕೊಟ್ಟಿಗೆಯ ಗೂಟಕ್ಕೆ ತೂಗುಹಾಕಿದೆ. ತಂಗಿ ಅಂದೇ ಬೆಳಗೊಳದ ಚಿಕ್ಕಮ್ಮನ ಮನೆಗೆ ಹೋದಳು. ಶ್ರೀರಂಗಪಟ್ಟಣ ಅಲ್ಲಿಂದ ಹತ್ತಿರ, ಹಬ್ಬದ ರಜೆಯಲ್ಲೂ ಬೇರೆಯವರ ರೈಫಲ್ಲಿನಲ್ಲಿ ಅಭ್ಯಾಸ ಮಾಡುವುದೆಂದು ಅವಳ ಲೆಕ್ಕ.

ಮಾರನೆಯ ದಿನವೇ ಆಯುಧಪೂಜೆ. ನಾನು ಬಾಳೆಕಂದು, ಬೂದುಗುಂಬಳ ತರಲು ಕಿಕ್ಕೇರಿಗೆ ಹೋಗಿದ್ದೆ. ಬರುವಷ್ಟರಲ್ಲಿ ಅವ್ವ ಅಂಗಳದಲ್ಲಿ ಸಾಲು ಜೋಡಿಸಿಯಾಗಿತ್ತು: ಮಚ್ಚು, ಕುಡುಗೋಲು, ಗುದ್ದಲಿ, ಹಾರೆ, ಮೇವು ಕತ್ತರಿಸುವ ಮಿಷನ್ನು, ಅಪ್ಪನ ಸ್ಕೂಟರು, ಮಿಕ್ಸಿ. ಗುದ್ದಲಿಗೂ ಹಾರೆಗೂ ನಡುವೆ ನನ್ನ ಸ್ಟಾಕು. ಅದಕ್ಕೂ ಒಂದು ಚೆಂಡುಹೂ, ಒಂದು ಬೊಟ್ಟು. ಪ್ಲಾಸ್ಟಿಕ್ಕಿಗೆ ಯಾಕವ್ವ ಪೂಜೆ ಎಂದು ನಾನು ವಾದ ತೆಗೆದೆ. ಆಯುಧ ಅಂದಮೇಲೆ ಆಯುಧ ಎಂದು ಅವ್ವ ಮುಗಿಸಿದರು. ನಾನು ಮಿಕ್ಸಿ ಹೇಗೆ ಆಯುಧ ಎಂದು ಇನ್ನೊಂದು ಸುತ್ತು ವಾದಿಸಿದೆ, ಮಂಗಳಾರತಿ ಬಂತು, ಸುಮ್ಮನಾದೆ. ಪೂಜೆ ಮುಗಿದ ಮೇಲೆ ಬೊಟ್ಟನ್ನು ಒರೆಸಿ ತೆಗೆದೆ. ಕಪ್ಪು ಮೈ ಸ್ವಲ್ಪ ಹೊಳೆಯುತ್ತಿತ್ತು. ನನ್ನ ಉಜ್ಜುವಿಕೆಯ ಫಲ ಅಂದುಕೊಂಡೆ.

ವಿಜಯದಶಮಿಯ ದಿನ ನಾರುಬಟ್ಟೆ ಕತ್ತರಿಸಿ, ರಾಳ ಬೆರೆಸಿ, ಹಳೆಯ ಪೇಂಟಿನ ಬ್ರಷ್ಷಿನಲ್ಲಿ ಪದರದ ಮೇಲೆ ಪದರ ಹಚ್ಚಿದೆ. ಹಿತ್ತಲಿನಲ್ಲಿ ಮೂಗಿಗೆ ಬಟ್ಟೆ ಕಟ್ಟಿಕೊಂಡು ನಿಂತ ನನ್ನನ್ನು ನೋಡಿ ಕೆಂದ ಹಸು ಅಂದು ಮೇವು ಮುಟ್ಟಲಿಲ್ಲ. ಗಟ್ಟಿಯಾಗಲು ಬಿಟ್ಟು, ಮರುದಿನ ಆಕಾರ ತಿದ್ದೋಣವೆಂದು ಅಪ್ಪ ಕುಡುಗೋಲು ಮಸೆಯುವ ಅರ ತೆಗೆದುಕೊಂಡು ಒಂದು ಎಳೆ ಎಳೆದೆ.

ಟಕ್ ಅಂತು. ನನ್ನ ಉಬ್ಬು ಇಡಿಯಾಗಿ ಎದ್ದು ಕೈಗೆ ಬಂತು. ಒಣಗಿದ ಕೊಬ್ಬರಿ ಗಿಟುಕು ಚಿಪ್ಪಿನಿಂದ ಬಿಡುವ ಹಾಗೆ.

ಅಲ್ಲೇ ಕೂತೆ. ಸ್ಟಾಕಿನ ಮೈ ಮುಟ್ಟಿ ಬೆರಳು ಮೂಸಿದೆ. ಹರಳೆಣ್ಣೆ. ಅವ್ವನನ್ನು ಕೂಗಿದೆ.

"ಇದ್ಕೆ ಎಣ್ಣೆ ಸವರಿದ್ಯಾ?"

"ಊಂ. ಗುದ್ಲಿ ಆರೆಗೆಲ್ಲ ಸವ್ರಿವ್ನಿ, ಇದ್ನೊಂದ್ನೇ ಬುಟ್ಬುಡಕಾಯ್ತದಾ? ತುಕ್ಕಿಡೀಕಿಲ್ವಾ?"

"ಪ್ಲಾಸ್ಟಿಕ್ಕವ್ವ ಇದು. ಯಾವ್ ಜನ್ಮಕ್ಕೂ ತುಕ್ಕಿಡಿಯಲ್ಲ."

"ನಂಗೇನ್ ಗೊತ್ತವ್ವ. ನೀನ್ ಏಳ್ನಿಲ್ಲ."

ಅದು ಸರಿಯಾದ ಉತ್ತರ. ಬೊಟ್ಟು ಯಾಕೆ ಎಂದು ಅಷ್ಟುದ್ದ ವಾದಿಸಿದವಳು ಎಣ್ಣೆಯ ಮಾತೇ ಎತ್ತಿರಲಿಲ್ಲ. ಮತ್ತೆ ತೊಳೆದು, ಉಜ್ಜಿ, ಹಚ್ಚಲು ರಾಳ ಉಳಿದಿರಲಿಲ್ಲ. ಪಾಂಡವಪುರದ ಅಂಗಡಿ ಹಬ್ಬಕ್ಕೆ ಬಾಗಿಲು ಹಾಕಿತ್ತು, ಭಾನುವಾರ ಎದುರಿಗೇ ನಿಂತಿತ್ತು. ತಂಗಿಗೆ ಫೋನು ಮಾಡಿ ಹೇಳುವುದು ಹೇಗೆ ಎಂದು ಯೋಚಿಸುತ್ತಾ ಆ ಚಿಪ್ಪನ್ನು ಸುಮ್ಮನೆ ಸ್ಟಾಕಿನ ಮೇಲಿಟ್ಟೆ. ಅದು ಕೂತಿತು. ಕೂತಿತು ಎಂದರೆ ಅಲುಗದೆ ಕೂತಿತು, ಬಾಣಲೆಗೆ ಅದರದೇ ಮುಚ್ಚಳ ಮುಚ್ಚಿದ ಹಾಗೆ. ಯಾಕೆ ಕೂರಬಾರದು? ಅದರ ಮೈಮೇಲೇ ಹುಟ್ಟಿದ್ದಲ್ಲವೇ? ಎತ್ತಿದೆ, ಇಟ್ಟೆ, ಎತ್ತಿದೆ. ಆಗ ಹೊಳೆಯಿತು. ಅಂಟಿಕೊಂಡಿದ್ದರೆ ಅದು ಒಂದೇ ಎತ್ತರದಲ್ಲಿ ಎಂದೆಂದಿಗೂ ಅಂಟಿಕೊಂಡಿರುತ್ತಿತ್ತು. ಬಿಟ್ಟುಬಂದದ್ದರಿಂದ ಏರಿಸಬಹುದು, ಇಳಿಸಬಹುದು. ತುಂಬಾ ಬೆಲೆಯ ಸ್ಟಾಕುಗಳಲ್ಲಿ ಇರುವುದೇ ಈ ಸೌಕರ್ಯ. ತಂಗಿಯೇ ಒಮ್ಮೆ ಆಸೆಯಿಂದ ಚಿತ್ರ ತೋರಿಸಿದ್ದಳು.

ಅಪ್ಪ ನೀರಿನ ಮೋಟರಿನ ಡಬ್ಬದಿಂದ ಸ್ಕ್ರೂ, ವಾಷರು ಹುಡುಕಿ ಕೊಟ್ಟರು. ಸ್ಟಾಕಿನ ಟೊಳ್ಳಿನೊಳಗೆ ಒಂದು ತುಂಡು ಹಲಗೆ ಬಿಗಿಯಾಗಿ ಕೂರಿಸಿದೆ, ಸ್ಕ್ರೂ ಕಚ್ಚಿಕೊಳ್ಳಲು. ಚಿಪ್ಪಿಗೆ ತೂತು ಕೊರೆದೆ, ಅಂಚುಗಳನ್ನು ಅರದಿಂದ ದುಂಡು ಮಾಡಿದೆ. ಎತ್ತರ ಬೇಕೆಂದರೆ ಚಿಪ್ಪಿನ ಕೆಳಗೆ ಇನ್ನೊಂದು ವಾಷರು, ಬೇಡವೆಂದರೆ ತೆಗೆದರಾಯಿತು. ತಂಗಿ ಬೆಳಗೊಳದಿಂದ ಬಂದು, ಯಂತ್ರ ಜೋಡಿಸಿಕೊಂಡು ಕೆನ್ನೆ ಊರಿದಳು. ಒಂದು ವಾಷರು ತೆಗಿ ಅಕ್ಕ ಅಂದಳು. ತೆಗೆದೆ. ಮತ್ತೆ ಊರಿದಳು. ಬಹಳ ಹೊತ್ತು ಎತ್ತಲೇ ಇಲ್ಲ. ಆ ಕತ್ತು ಆರಾಮವಾಗಿ ಇಳಿದದ್ದನ್ನು ನಾನು ಹಿಂದಿನಿಂದ ನೋಡಿದೆ. ಯಾವ ಸ್ಪರ್ಧೆಯ ಫಲಕ ಹಿಡಿದಾಗಲೂ ನನಗೆ ಅಷ್ಟು ಹೆಮ್ಮೆಯಾಗಿರಲಿಲ್ಲ.

ಆಗಲೇ ನನಗೆ ಇನ್ನೊಂದು ವಿಷಯ ಕಂಡದ್ದು. ವಾಷರು ತೆಗೆಯಲು ಚಿಪ್ಪನ್ನು ಬಿಸಿಲಿಗೆ ಹಿಡಿದಿದ್ದೆ. ರಾಳದ ಬಣ್ಣ ಜೇನಿನಂತೆ, ಬೆಳಕು ಒಳಗೆ ಹಾಯುತ್ತದೆ. ಒಳಮೈಯಲ್ಲಿ ಅರಿಸಿನದ ಗುರುತಿತ್ತು: ನಾಲ್ಕು ಬೆರಳು, ಒಂದು ಹೆಬ್ಬೆರಳು. ಹೂವು ಅರಿಸಿನ ಮುಟ್ಟಿದ ಕೈಯಲ್ಲೇ ಅವ್ವ ಎಣ್ಣೆ ಸವರಿ, ಕೊನೆಗೆ ಅಂಗೈ ಊರಿದ್ದರು. ಕಪ್ಪಿನ ಮೇಲೆ ಕಾಣದ್ದು ರಾಳದೊಳಗೆ ಉಳಿದುಕೊಂಡಿತ್ತು. ಬೆರಳುಗಳು ಎಲ್ಲೆಲ್ಲಿವೆ ಎಂದು ನೋಡಿಕೊಂಡು, ಚಿಪ್ಪನ್ನು ಸ್ಟಾಕಿನ ಮೇಲೆ ಕೂರಿಸಿ ಆ ಜಾಗದ ಮೇಲೆ ನನ್ನ ಬಲಗೈ ಇಟ್ಟೆ. ಹೇಗೆ ತಿರುಗಿಸಿದರೂ ಹೆಬ್ಬೆರಳು ಕೂಡಲಿಲ್ಲ. ಎಡಗೈ ಇಟ್ಟೆ. ಕೂಡಿತು.

ಪೂಜೆಯ ದಿನ ತಂಗಿ ಊರಲ್ಲಿರಲಿಲ್ಲ, ಅದು ಅವಳ ಕೈ ಅಲ್ಲ. ಆದರೂ ನಾನು ನನ್ನನ್ನೇ ಎದುರಿಸಿದೆ: ಬಲಗೈಯಲ್ಲಿ ಎಣ್ಣೆಬಟ್ಟಲು ಹಿಡಿದಿದ್ದರೆ ಯಾರಾದರೂ ಎಡಗೈಯಲ್ಲೇ ಸವರುತ್ತಾರೆ. ಒಂದು ಗುರುತು ಸಾಕ್ಷಿಯಾಗುವುದಿಲ್ಲ. ಯಾರಿಗೂ ಹೇಳಲಿಲ್ಲ.

ಭಾನುವಾರ ಶ್ರೀರಂಗಪಟ್ಟಣದ ಶೆಡ್ಡಿನಲ್ಲಿ ಗೋಡೆಗೊರಗಿ ನಿಂತು ಎಲ್ಲವನ್ನೂ ನೋಡಿದೆ. ತಂಗಿಯ ಮೊದಲ ಗುಳಿಗೆಗಳು ಎಂದಿನಂತೆ ಕಪ್ಪಿಗೆ ಬಿದ್ದವು. ಅದು ನನಗೆ ಗೊತ್ತಿದ್ದದ್ದೇ. ನಾನು ಕಾದದ್ದು ಕತ್ತು ಸೋಲುವ ಹೊತ್ತಿಗೆ. ಆ ಹೊತ್ತು ಬಂತು, ಹೋಯಿತು, ಗುಳಿಗೆಗಳು ಕಪ್ಪನ್ನು ಬಿಟ್ಟು ಅಲೆಯಲಿಲ್ಲ. ಆಯ್ಕೆಯಾದವರ ಹೆಸರು ಓದುವಾಗ ಅವಳದೂ ಇತ್ತು. ತರಬೇತುದಾರರು ರೈಫಲ್ ತಿರುಗಿಸಿ ತಿರುಗಿಸಿ ನೋಡಿ, ಚಿಪ್ಪಿನ ಅಂಚಿನ ಮೇಲೆ ಹೆಬ್ಬೆರಳಾಡಿಸಿ, ಇದನ್ನು ಎಲ್ಲಿ ಮಾಡಿಸಿದಿರಿ ಎಂದರು. ನಮ್ಮ ಕೊಟ್ಟಿಗೆಯಲ್ಲಿ, ನಾನೇ ಮಾಡಿದೆ ಅಂದೆ. ಇನ್ನೊಬ್ಬ ಎಡಗೈ ಹುಡುಗನಿದ್ದಾನೆ, ಅವನಿಗೊಂದು ಮಾಡಿಕೊಡುತ್ತೀಯಾ ಎಂದು ಕೇಳಿದರು. ಮಾಡುತ್ತೇನೆ, ಆದರೆ ಮೊದಲು ಹರಳೆಣ್ಣೆ ಸವರಬೇಕಾಗುತ್ತದೆ ಅಂದೆ. ತಮಾಷೆ ಎಂದುಕೊಂಡು ನಕ್ಕರು. ನಾನು ನಿಜವೇ ಹೇಳಿದ್ದೆ. ಈಗ ಅದೇ ನನ್ನ ವಿಧಾನ.

ಸಂಜೆ ಮನೆ ತುಂಬಾ ಜನ. ಕೋತಿಯ ವಿಚಾರಕ್ಕೆ ಬಂದಿದ್ದ ಪಕ್ಕದ ಮನೆಯವರೇ ದೇವಿ ಒಲಿದ ಕಥೆಯನ್ನು ಮೊದಲು ಶುರುಮಾಡಿದ್ದು, ನನ್ನ ಕಣ್ಣೆದುರಿಗೇ. ಎಲ್ಲರೂ ಹೋದ ಮೇಲೆ ತಂಗಿ, ಗುಳಿಗೆ ಇಲ್ಲವೆಂದು ನಳಿಗೆ ಬಾಗಿಸಿ ತೆರೆದು ತೋರಿಸಿ, ನೀನೂ ಒಮ್ಮೆ ಹಿಡಿದು ನೋಡವ್ವ ಎಂದು ರೈಫಲ್ಲನ್ನು ಅವ್ವನ ಕೈಗೆ ಕೊಟ್ಟಳು. ಅವ್ವ ಬೇಡ ಬೇಡ ಎನ್ನುತ್ತಲೇ ಸೆರಗಿಗೆ ಕೈ ಒರೆಸಿಕೊಂಡು ತೆಗೆದುಕೊಂಡರು.

ಹೇಗೆ ಹಿಡಿಯಬೇಕೆಂದು ಯಾರೂ ಹೇಳಿರಲಿಲ್ಲ. ಅವ್ವ ಯೋಚಿಸಲೂ ಇಲ್ಲ. ಸ್ಟಾಕು ಎಡಭುಜಕ್ಕೆ ಹೋಯಿತು. ಬಲಗಣ್ಣು ಮುಚ್ಚಿತು. ತಂಗಿಯ ಅಳತೆಗೆ ಮುದ್ದೆಯಲ್ಲಿ ಅಚ್ಚು ತೆಗೆದ ಆ ಉಬ್ಬಿನ ಮೇಲೆ ಅವ್ವನ ಎಡಗೆನ್ನೆ ಇಳಿದು ಕೂತಿತು, ದಿನವೂ ಕೂರುತ್ತಿದ್ದ ಜಾಗವೇನೋ ಎಂಬಂತೆ. ನಳಿಗೆ ಅಲುಗಲಿಲ್ಲ. ಅವ್ವನ ತುಟಿಯಲ್ಲಿ ನಾನು ಹಿಂದೆ ಕಂಡಿರದ ಒಂದು ನಗು ಇತ್ತು.

"ಇಳಿಸೇ ಅದ್ನ," ಅಂದರು ಅಜ್ಜಿ. ಜಗಲಿಯಿಂದ. ಕಡಲೆಕಾಯಿ ಬಿಡಿಸುವ ಕೈ ನಿಂತಿತ್ತು.

ಅವ್ವ ತಟ್ಟನೆ ಇಳಿಸಿದರು. ಬಂದೂಕನ್ನು ಬಲಗೈಗೆ ದಾಟಿಸಿ, ಎಡಗೈಯನ್ನು ಸೆರಗಿನೊಳಗೆ ಎಳೆದುಕೊಂಡರು. ನಲವತ್ತು ದಾಟಿದ ಹೆಂಗಸು, ಏಟು ತಪ್ಪಿಸಿಕೊಳ್ಳುವ ಮಗುವಿನ ಹಾಗೆ.

ತಂಗಿ ನನ್ನನ್ನು ನೋಡಿದಳು. ಅಪ್ಪ ಅಂಗಳದ ಕಡೆ ನೋಡಿದರು. ಅಷ್ಟು ದಿನದಿಂದ ಯಾವ ಮಾತಿಗಾದರೂ ಎದುರು ಮಾತು ಹುಡುಕಿ ಗೊತ್ತಿದ್ದ ನನಗೆ ಈಗ ವಾದ ಬೇಕಿರಲಿಲ್ಲ. ಅವ್ವನ ಹತ್ತಿರ ಹೋಗಿ, ರೈಫಲ್ಲನ್ನು ತೆಗೆದುಕೊಂಡು ತಂಗಿಗೆ ಕೊಟ್ಟು, ಸೆರಗಿನೊಳಗಿನ ಆ ಕೈಯನ್ನು ಹಿಡಿದುಕೊಂಡೆ. ಬೆರಳ ಸಂದಿಯಲ್ಲಿ ಹಬ್ಬದ ಅರಿಸಿನ ಇನ್ನೂ ಇತ್ತು.

"ಅವ್ವ," ಅಂದೆ, "ಈ ಕೈನ ನಿಂಗೆ ಬುಡ್ಸಿದ್ದು ಯಾರವ್ವ?"